ಮೂರು ಪಟ್ಟಲ್ಲ, ಮೂರು ಕಡೆ

ಕೇಳುಗರಿಗೆ ನಮಸ್ಕಾರ. ಹತ್ತು ನಿಮಿಷ ಕೊಡ್ತೀವಿ, ಘನಸಂಖ್ಯೆ ಬಗ್ಗೆ ಎಲ್ಲರಿಗೂ ಅರ್ಥ ಆಗೋ ಹಾಗೆ ಹೇಳಿ ಮೇಡಂ ಅಂತ ಕರೆಸಿದ್ದಾರೆ. ಹತ್ತು ನಿಮಿಷ ಬೇಕಾದಷ್ಟಾಯಿತು, ಯಾಕೆಂದರೆ ನನಗೆ ಹೇಳಲು ಇರುವುದು ಒಂದೇ ಮಾತು.

ಚಪಾತಿ ಲಟ್ಟಿಸುತ್ತಾ ರೇಡಿಯೋ ಕೇಳುತ್ತಿರುವ ಅಮ್ಮ, ಪಕ್ಕದಲ್ಲಿ ಪುಸ್ತಕ ಬಿಚ್ಚಿಟ್ಟುಕೊಂಡು ಕಿಟಕಿ ನೋಡುತ್ತಿರುವ ಎಂಟನೇ ಕ್ಲಾಸಿನ ಮಗ ಅಥವಾ ಮಗಳು, ನಿಮ್ಮಿಬ್ಬರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಎರಡರ ಘನ ಎಷ್ಟು? ಆರು ಅಂದಿರಾ? ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ, ಪ್ರತಿ ವರ್ಷವೂ ಯಾರಾದರೊಬ್ಬರು ಆರು ಅಂದೇ ಅಂದಿದ್ದಾರೆ. ಎರಡರ ತಲೆ ಮೇಲೆ ಪುಟ್ಟದಾಗಿ ಒಂದು 3 ಬರೆದಿರುತ್ತಾರಲ್ಲ, ಅದನ್ನು ನೋಡಿ ಸೀದಾ ಮೂರರಿಂದ ಗುಣಿಸಿಬಿಡುವುದು. ಆರಲ್ಲ, ಎಂಟು. ಘನ ಅಂದರೆ ಮೂರು ಪಟ್ಟಲ್ಲ, ಮೂರು ಕಡೆ. ಉದ್ದದ ಕಡೆ, ಅಗಲದ ಕಡೆ, ಎತ್ತರದ ಕಡೆ. ಮೂರೂ ಕಡೆ ಒಂದೇ ಅಳತೆ ಇರುವ ಡಬ್ಬಿಯಲ್ಲಿ ಎಷ್ಟು ಹಿಡಿಸುತ್ತದೋ ಅದೇ ಘನ.

ಇದು ನನ್ನ ಮಾತಲ್ಲ. ಆರ್ಯಭಟ 499ರಲ್ಲೇ ಇದನ್ನು ಅರ್ಧ ಶ್ಲೋಕದಲ್ಲಿ ಹೇಳಿ ಮುಗಿಸಿದ್ದಾನೆ. ಒಂದೇ ಸಂಖ್ಯೆಯನ್ನು ಮೂರು ಸಲ ಇಟ್ಟು ಗುಣಿಸಿದರೆ ಘನ, ಹನ್ನೆರಡು ಅಂಚಿನ ಆಕಾರವೂ ಘನ. ಲೆಕ್ಕ, ಡಬ್ಬಿ ಎರಡೂ ಒಟ್ಟಿಗೆ! ನಾವು ಲೆಕ್ಕ ಇಟ್ಟುಕೊಂಡು ಡಬ್ಬಿ ಎಸೆದುಬಿಟ್ಟೆವು. ಮನೆಯಲ್ಲಿ ರೂಬಿಕ್ಸ್ ಕ್ಯೂಬ್ ಇದ್ದರೆ ಕೈಗೆ ತಗೊಳ್ಳಿ. ಒಂದು ಪದರಕ್ಕೆ ಮೂರು ಮೂರ್ಲಿ ಒಂಬತ್ತು, ಅಂಥ ಮೂರು ಪದರ, 27. ಮೂಲೆ 8, ಅಂಚಿನವು 12, ಮುಖದ ನಡುವಿನವು 6, ಹೊಟ್ಟೆಯೊಳಗೆ ಕಾಣದ ಒಂದು ಜಾಗ. ಕೂಡಿಸಿ ನೋಡಿ, 27 ಬರುತ್ತದೆ.

ಇಷ್ಟು ಹೇಳುವ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ನಮ್ಮ ಮನೆಯ ಸಂಪಿನ ಕತೆ ಅದು. ಐದಡಿ ಉದ್ದ, ಐದಡಿ ಅಗಲ, ಐದಡಿ ಆಳ. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಸಾಲುತ್ತಿರಲಿಲ್ಲ. ಹಿತ್ತಲಲ್ಲಿ ಇನ್ನೊಂದು ತೋಡಿಸೋಣ, ಇದರ ಡಬಲ್ ಇರಲಿ ಅಂತ ಮೇಸ್ತ್ರಿಗೆ ಹೇಳಿದೆವು. ಮೇಸ್ತ್ರಿ ಬೆಳಿಗ್ಗೆ ಏಳೂವರೆಗೆ ಬಂದ. ನಾನು ಎಸ್ಸೆಸ್ಸೆಲ್ಸಿ ಪೇಪರ್ ವ್ಯಾಲ್ಯುಯೇಶನ್‌ಗೆ ಹೊರಟಿದ್ದೆ, ಬಸ್ಸಿಗೆ ಹೊತ್ತಾಗಿತ್ತು. "ಮೇಡಂ, ಐದೈದು ಇರೋದನ್ನ ಹತ್ತತ್ತು ಮಾಡಿದ್ರೆ ಡಬಲ್ ಆಯ್ತಲ್ಲ?" ಅಂದ. ಚಪ್ಪಲಿ ಹಾಕಿಕೊಳ್ಳುತ್ತಾ ನಾನು ಹೂಂ ಅಂದೆ. ಗಣಿತದ ಟೀಚರ್, ಹೂಂ ಅಂದೆ!

ನಾಲ್ಕು ದಿನ ಬೆಳಿಗ್ಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದೆ, ಹಿತ್ತಲ ಕಡೆ ತಿರುಗಿಯೂ ನೋಡಲಿಲ್ಲ. ಐದನೇ ದಿನ ಭಾನುವಾರ. ಕಾಫಿ ಲೋಟ ಹಿಡಿದುಕೊಂಡು ಹಿತ್ತಲ ಬಾಗಿಲು ತೆಗೆದರೆ ಎದುರಿಗೆ ಮಣ್ಣಿನ ಗುಡ್ಡ. ಪಕ್ಕದ ಮನೆ ಹುಡುಗರು ಅದರ ಮೇಲಿಂದ ಗೋಣಿಚೀಲ ಹಾಕಿಕೊಂಡು ಜಾರುತ್ತಿದ್ದಾರೆ. ಅದರಾಚೆ ಗುಂಡಿ, ಒಳಗೆ ಏಣಿ, ಏಣಿಯ ತಳದಲ್ಲಿ ಮೇಸ್ತ್ರಿಯ ತಲೆ. ನಮ್ಮತ್ತೆ ಬಾಗಿಲಲ್ಲಿ ನಿಂತು, "ಬಾವಿ ತೋಡಿಸ್ತಿದೀಯೇನಮ್ಮಾ?" ಅಂದರು. ಅವರಿಗೆ ಶಾಲೆ ಗೊತ್ತಿಲ್ಲ, ಆದರೆ ಕಣ್ಣಿಗೆ ಅಳತೆ ಗೊತ್ತಿತ್ತು ನೋಡಿ.

ಅಲ್ಲೇ ಕಟ್ಟೆ ಮೇಲೆ ಕೂತು ಲೆಕ್ಕ ಹಾಕಿದೆ. ಐದರ ಘನ 125 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಂದರೆ ಹಳೆ ಸಂಪಿನಲ್ಲಿ ಮೂರೂವರೆ ಸಾವಿರ ಲೀಟರ್. ಹತ್ತರ ಘನ? 1000. ನೀರು 28 ಸಾವಿರ ಲೀಟರಿಗೂ ಜಾಸ್ತಿ, ಆರು ಸಾವಿರದ ಟ್ಯಾಂಕರ್ ನಾಲ್ಕು ಸುರಿದರೂ ತುಂಬುವುದಿಲ್ಲ. ಕೇಳಿದ್ದು ಎರಡು ಪಟ್ಟು, ತೋಡಿದ್ದು ಎಂಟು ಪಟ್ಟು. ಉದ್ದ ಡಬಲ್, ಅಗಲ ಡಬಲ್, ಆಳವೂ ಡಬಲ್. ಮೂರು ಕಡೆ! ನಮಗೆ ಬೇಕಿದ್ದದ್ದು 250 ಘನ ಅಡಿ, ಅದಕ್ಕೆ ಪ್ರತಿ ಕಡೆ ಆರಡಿ ನಾಲ್ಕಿಂಚು ಸಾಕಾಗಿತ್ತು. ಒಂದಡಿ ನಾಲ್ಕಿಂಚು ಏರಿಸಿದರೆ ನೀರು ಎರಡು ಪಟ್ಟು, ನಂಬೋಕಾಗುತ್ತಾ? ಅಗೆಯುವುದಕ್ಕೊಂದು ಕೂಲಿ, ಮುಚ್ಚುವುದಕ್ಕೊಂದು ಕೂಲಿ ಕೊಟ್ಟೆವು. ಮೇಸ್ತ್ರಿಯನ್ನು ಬೈಯಲಿಲ್ಲ, ಹೂಂ ಅಂದಿದ್ದು ನಾನು.

ಅಯ್ಯೋ, ಸಂಪಿನಲ್ಲೇ ಅರ್ಧ ಸಮಯ ಮುಳುಗಿತು. ಗಾಜಿನಾಚೆ ಕೂತವರು ಕೈಗಡಿಯಾರ ತೋರಿಸುತ್ತಿದ್ದಾರೆ. ಬೇಗ ಲೆಕ್ಕಕ್ಕೆ ಬರೋಣ.

ಹತ್ತರ ಘನ 1000 ಅಂತ ಗೊತ್ತು. ಹನ್ನೊಂದರದ್ದು ಬೇಕು. ಗುಣಿಸಬೇಡಿ, ಡಬ್ಬಿ ಬೆಳೆಸಿ. ಮೂರು ಕಡೆಗೆ ಒಂದಳತೆ ದಪ್ಪದ ಒಂದೊಂದು ಹಲಗೆ ಅಂಟಿಸಿ, ಹತ್ತು ಹತ್ಲಿ ನೂರರಂತೆ 300. ಹಲಗೆಗಳ ನಡುವೆ ಉಳಿದ ಮೂರು ಸಂದಿಗೆ ಮೂರು ಕಡ್ಡಿ, ತಲಾ 10, ಒಟ್ಟು 30. ಮೂಲೆಯಲ್ಲಿ ಒಂದೇ ಒಂದು ತುಂಡು. ಸಾವಿರದ ಮುನ್ನೂರ ಮೂವತ್ತೊಂದು. ಹಲಗೆ ಮೂರು, ಕಡ್ಡಿ ಮೂರು, ಮೂಲೆ ಒಂದು. ಸೂತ್ರ ಉರು ಹೊಡೆಯುವ ಮಕ್ಕಳಿಗೆ ಈ ಹಲಗೆ ಯಾರೂ ತೋರಿಸಿರುವುದಿಲ್ಲ, ನನಗೆ ಸಿಟ್ಟು ಬರುವುದೇ ಅಲ್ಲಿ.

ದೊಡ್ಡ ಸಂಖ್ಯೆಗೆ ನಮ್ಮ ಮಹಾವೀರಾಚಾರ್ಯ ಇದ್ದಾನೆ. ಅಮೋಘವರ್ಷ ನೃಪತುಂಗನ ಕಾಲದವನು, 850ರ ಸುಮಾರಿನ 'ಗಣಿತಸಾರಸಂಗ್ರಹ' ಅವನದು. ಪೆನ್ನು ತಗೊಳ್ಳಿ. 98ರ ಘನ ಬೇಕು. ಇಷ್ಟ ಬಂದ ಸಂಖ್ಯೆ ಒಂದನ್ನು ಆರಿಸಿಕೋ ಅನ್ನುತ್ತಾನೆ, ನಾವು 2 ಇಟ್ಟುಕೊಳ್ಳೋಣ. ಕೂಡಿಸಿದರೆ 100, ಕಳೆದರೆ 96. ಈ ಎರಡನ್ನೂ 98ನ್ನೂ ಗುಣಿಸಿ, 9,40,800. ನೂರು ಇರುವುದರಿಂದ ಸುಲಭ, ಅಲ್ವಾ? ಎರಡರ ವರ್ಗ 4, ಅದನ್ನು ಚಿಕ್ಕದಾದ 96ರಿಂದ ಗುಣಿಸಿ, 384. ಎರಡರ ಘನ 8. ಮೂರನ್ನೂ ಕೂಡಿದರೆ 9,41,192. ಮುಗೀತು.

ಇನ್ನು ಘನಮೂಲ, ಅಂದರೆ ಘನ ಕೊಟ್ಟರೆ ಡಬ್ಬಿಯ ಒಂದು ಕಡೆಯ ಅಳತೆ ಹುಡುಕುವುದು. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಅನ್ನುವ ಪ್ರೊಫೆಸರ್ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರಿಗೆ 6,16,29,875ರ ಘನಮೂಲ ಕೇಳಿದರು. ಆತ ಪ್ರಶ್ನೆ ಬರೆದುಕೊಳ್ಳುವ ಮೊದಲೇ ಆಕೆ 395 ಅಂದರು. ಅಷ್ಟು ದೊಡ್ಡದು ನನ್ನ ಕೈಲಾಗುವುದಿಲ್ಲ, ಆದರೆ ಎರಡಂಕಿಯ ಉತ್ತರ ನೀವೂ ಹೇಳಬಹುದು. ಒಂದರಿಂದ ಹತ್ತರವರೆಗಿನ ಘನ ಬಾಯಲ್ಲಿರಬೇಕು, ಅಷ್ಟೇ. 50,653 ತಗೊಳ್ಳಿ. ಕೊನೆಯ ಅಂಕಿ 3. ಘನದ ಕೊನೆಗೆ 3 ಬರುವುದು ಏಳರಿಂದ ಮಾತ್ರ, ಏಳರ ಘನ 343 ನೋಡಿ. ಹಾಗೇ 2 ಬಂದರೆ 8, 8 ಬಂದರೆ 2, 7 ಬಂದರೆ 3. ಮಿಕ್ಕವು ಎಲ್ಲ ತಾವೇ, 4 ಬಂದರೆ 4. ಈಗ ಕೊನೆಯ ಮೂರು ಅಂಕಿ ಮುಚ್ಚಿ, ಉಳಿದದ್ದು 50. ಅದು ಮೂರರ ಘನ 27ಕ್ಕಿಂತ ದೊಡ್ಡದು, ನಾಲ್ಕರ ಘನ 64ಕ್ಕಿಂತ ಚಿಕ್ಕದು. ಚಿಕ್ಕದರ 3 ಇಟ್ಟುಕೊಳ್ಳಿ. ಉತ್ತರ 37.

ಎರಡು ಘನ ಕೂಡಿಸಿ ಎರಡು ರೀತಿಯಲ್ಲಿ ಬರೆಯಬಹುದು ಅಂತ ರಾಮಾನುಜನ್ ಹೇಳಿದ ಟ್ಯಾಕ್ಸಿ ನಂಬರ್ 1729ರ ಬಗ್ಗೆ ಹೇಳಬೇಕಿತ್ತು, ಸಮಯ ಇಲ್ಲ ಬಿಡಿ. ಅದರ ಬದಲು ಕಿಟಕಿ ನೋಡುತ್ತಿರುವ ಆ ಎಂಟನೇ ಕ್ಲಾಸಿನವರಿಗೆ ಒಂದು ಸಂಖ್ಯೆ ಕೊಡುತ್ತೇನೆ. 1,75,616. ಇನ್ನೊಮ್ಮೆ ಹೇಳುತ್ತೇನೆ, ಒಂದು ಲಕ್ಷದ ಎಪ್ಪತ್ತೈದು ಸಾವಿರದ ಆರುನೂರ ಹದಿನಾರು. ಇಷ್ಟು ಹಿಡಿಸುವ ಡಬ್ಬಿ ಒಂದು ಕಡೆ ಎಷ್ಟುದ್ದ? ಫೋನ್ ಮುಟ್ಟಬೇಡಿ. ಅಮ್ಮನ ಚಪಾತಿ ಬೇಯುವುದರೊಳಗೆ ಹೇಳಿ. ನಮಸ್ಕಾರ.