ಕಾರಿಲ್ಲದೆ ಬಾದಾಮಿ, ಐಹೊಳೆ, ಪಟ್ಟದಕಲ್ಲು

ವಿಜಯಪುರದಲ್ಲಿ ರೈಲು ಹತ್ತುವಾಗ ಅವ್ವ ಕೇಳಿದಳು, "ಗಾಡಿ ಇಲ್ಲದ ಮೂರೂ ಊರು ನೋಡೂದು ಆಗತೈತೇನು?" ಆಗುತ್ತದೆ. ಎರಡು ದಿನ ಇಟ್ಟುಕೊಂಡು ಬನ್ನಿ, ಆರಾಮಾಗಿ ಆಗುತ್ತದೆ.

ಬಾದಾಮಿ ಸ್ಟೇಷನ್ ಊರೊಳಗೆ ಇಲ್ಲ, ಸುಮಾರು 5 ಕಿಲೋಮೀಟರ್ ದೂರ. ಹೊರಗೆ ಟಂಟಂ, ಅಂದರೆ ಸೀಟಿನ ಲೆಕ್ಕದಲ್ಲಿ ಜನ ಹತ್ತಿಸಿಕೊಳ್ಳುವ ಆಟೋಗಳು, ನಿಂತಿರುತ್ತವೆ. ಹತ್ತುವ ಮೊದಲೇ ಸೀಟಿಗೆ ಎಷ್ಟು ಅಂತ ಕೇಳಿಬಿಡಿ. ಸೀಟಿನ ಲೆಕ್ಕ ಬೇರೆ, ಇಡೀ ಗಾಡಿಯ ಲೆಕ್ಕ ಬೇರೆ. ಊರು ಸೇರಿದ ಮೇಲೆ ಕಾಲೇ ಸಾಕು. ಗುಹೆ, ಅಗಸ್ತ್ಯ ತೀರ್ಥದ ಕೆರೆ, ಭೂತನಾಥ ಗುಡಿ ಎಲ್ಲ ನಡೆದೇ ನೋಡಿದೆವು. ಮೂರನೇ ಗುಹೆ ಚಾಲುಕ್ಯರ ಮಂಗಳೇಶ ಕೊರೆಸಿದ್ದು, ಶಾಸನ 578ರದ್ದು. ಮಂಗಗಳು ಜಾಸ್ತಿ, ಕೈಯಲ್ಲಿ ತಿಂಡಿ ಹಿಡಿಯಬೇಡಿ.

ಸಂಜೆ ಬನಶಂಕರಿ. ಗುಡಿಯ ಮುಂದೆ ಬುಟ್ಟಿ ಇಟ್ಟು ಕೂತ ತಾಯಂದಿರು ಕಾಣುತ್ತಿದ್ದಾರಲ್ಲ? ಖಡಕ್ ರೊಟ್ಟಿ ಮುರಿದು, ಮೇಲೆ ಕೆಂಪು ಚಟ್ನಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಕುಡಿಕೆ ಬೋರಲು ಹಾಕಿದರೂ ಮೊಸರು ಜಾರುವುದಿಲ್ಲ. ಅವ್ವ ಎರಡು ಕುಡಿಕೆ ಖಾಲಿ ಮಾಡಿದಳು.

ಎರಡನೇ ದಿನದ್ದೇ ಮುಖ್ಯ ಮಾತು. ಪಟ್ಟದಕಲ್ಲು 22 ಕಿಲೋಮೀಟರ್, ಹತ್ತಿರ ಅಂತ ಎಲ್ಲರೂ ಮೊದಲು ಅಲ್ಲೇ ಇಳಿಯುತ್ತಾರೆ. ನೀವು ಹಾಗೆ ಮಾಡಬೇಡಿ. ಬೆಳಗ್ಗೆ ಬೇಗ ಹೊರಟು ಮೊದಲು ಐಹೊಳೆಗೆ ಹೋಗಿ. ದೂರದ ಊರು, ಬಸ್ಸು ಕಡಿಮೆ. ಅದನ್ನು ಮುಗಿಸಿ ಹಿಂದಕ್ಕೆ ಬರುತ್ತಾ ಪಟ್ಟದಕಲ್ಲು ನೋಡಿದರೆ ಸಂಜೆಯ ಚಿಂತೆ ಇಲ್ಲ. ಅವ್ವ ಸಂಚಿಯಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದಳು, ನಾನೂ ತೋರಿಸಿದೆ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಈ ಬಸ್ಸು ಉಚಿತ ಅಲ್ವಾ.

ಐಹೊಳೆಯ ದುರ್ಗ ಗುಡಿಯ ಹಿಂಭಾಗ ದುಂಡಗಿದೆ, ನೋಡಿ. ದುರ್ಗಾದೇವಿಯ ಗುಡಿ ಅಂದುಕೊಂಡು ಅವ್ವ ಕೈಮುಗಿದಳು. ಹೆಸರು ಬಂದದ್ದು ಕೋಟೆಯಿಂದ. ಮೇಗುತಿ ಗುಡ್ಡವನ್ನು ನಾನೊಬ್ಬಳೇ ಹತ್ತಿದೆ. ಇಮ್ಮಡಿ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ 634ರ ಶಾಸನ ಇಲ್ಲೇ ಇದೆ. ಮೇಲಿನಿಂದ ಊರು, ಗುಡಿ, ಹೊಲ ಎಲ್ಲ ಒಂದರೊಳಗೊಂದು ಸೇರಿಕೊಂಡಂತೆ ಕಾಣುತ್ತದೆ.

ಇಳಿದು ಬಂದು ಬೇವಿನ ಮರದ ಕೆಳಗೆ ಒಂದು ತಾಸು ಕಾದೆವು. ಬಂದ ಬಸ್ಸು ತುಂಬಿತ್ತು, ನಿಲ್ಲಿಸಲೇ ಇಲ್ಲ. ಬೇಜಾರಾಯಿತು. ಬಿಸಿಲಿಗೆ ಅವ್ವನ ಮುಖ ಬಾಡಿತ್ತು. ಅಷ್ಟರಲ್ಲಿ ಒಂದು ಟಂಟಂ ಬಂತು. ಒಳಗಿದ್ದ ಅಜ್ಜಿ ತನ್ನ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು, "ಬಾ ಯವ್ವಾ, ಸಮ ಮಾಡಿ ಕುಂದರೂಣು" ಅಂದರು. ಪಟ್ಟದಕಲ್ಲು ಬರುವಷ್ಟರಲ್ಲಿ ಅವರಿಬ್ಬರೂ ಮಕ್ಕಳು, ಮೊಮ್ಮಕ್ಕಳ ಸುದ್ದಿ ಎಲ್ಲ ಮುಗಿಸಿದ್ದರು.

ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಅವ್ವ ನಂದಿಯ ಮುಂದೆ ಸುಮ್ನೆ ಕೂತುಬಿಟ್ಟಳು. ನಾನು ಎಬ್ಬಿಸಲಿಲ್ಲ.

ಹೊತ್ತು ಇಳಿಯುವ ಮೊದಲೇ ಬಾದಾಮಿ ಬಸ್ಸು ಸಿಕ್ಕಿತು. ಕಂಡಕ್ಟರ್ ಹತ್ತಿರ ಬಂದಾಗ ಅವ್ವನೇ ಕೇಳಿದಳು, "ಅಣ್ಣಾರ, ನಾಳೆ ಮಹಾಕೂಟಕ್ಕ ಬಸ್ ಎಷ್ಟಕ್ಕೈತ್ರಿ?"