ಗೇರ್‌ಬಾಕ್ಸ್ ಇಳಿಸುವ ಮುಂಚೆ ಇದನ್ನು ನೋಡಿ

ಕಾರಿನ ಕಂಪ್ಯೂಟರ್ ಹಿಡಿದ ದೋಷ ಓದುವ ಸ್ಕ್ಯಾನರ್‌ನಲ್ಲಿ ಬಂದಿರುವ ಕೋಡ್ ಪಿ0753. ಶಿಫ್ಟ್ ಸೊಲೆನಾಯ್ಡ್ 'ಎ', ಎಲೆಕ್ಟ್ರಿಕಲ್ ತೊಂದರೆ. ಕಾರು ನಾಲ್ಕು ಗೇರ್‌ನ ಹಳೇ ಆಟೋಮ್ಯಾಟಿಕ್ ಸೆಡಾನ್. ಬೆಳಿಗ್ಗೆ ಯಾವ ತಕರಾರೂ ಇಲ್ಲದೆ ಓಡುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳಿ ತೆವಳಿ ಬಿಸಿಯಾದ ಮೇಲೆ ಒಂದು ಜರ್ಕ್, ಡ್ಯಾಶ್‌ಬೋರ್ಡ್‌ನ ಓವರ್‌ಡ್ರೈವ್ (ನಾಲ್ಕನೇ ಗೇರ್) ಲೈಟ್ ಮಿನುಗಲು ಶುರು. ಆಮೇಲೆ ಸಿಗ್ನಲ್ ಬಿಟ್ಟರೂ ಕಾರು ಮುಂದಕ್ಕೆ ಏಳುವುದಿಲ್ಲ. ಹಿಂದಿನ ಆಟೋದವರು ಹಾರ್ನ್ ಒತ್ತುತ್ತಲೇ ಇರುತ್ತಾರೆ.

ಒಂದು ಗ್ಯಾರೇಜ್‌ನಲ್ಲಿ ತೋರಿಸಿದೆ. "ಗೇರ್‌ಬಾಕ್ಸ್ ಇಳಿಸಬೇಕು ಸರ್" ಅಂದರು. ಒಂದು ಟೆಸ್ಟೂ ಮಾಡದೆ ಇಳಿಸುವುದು ಯಾಕೆ ಅಲ್ವಾ?

ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಸೊಲೆನಾಯ್ಡ್ ಅಂದರೆ ಕಾಯಿಲ್ ಇರುವ ಚಿಕ್ಕ ವಾಲ್ವ್. ಕರೆಂಟ್ ಕೊಟ್ಟರೆ ಆಯಿಲ್ ದಾರಿ ಬದಲಾಗುತ್ತದೆ. ಈ ಬಾಕ್ಸ್‌ನಲ್ಲಿ ಗೇರ್ ಬದಲಿಸುವುದಕ್ಕೆ ಇರುವುದು ಎರಡೇ. ಮೊದಲನೆಯದು, ಅಂದರೆ ಕೋಡ್ ಹೇಳುವ 'ಎ', ಮಾತ್ರ ಆನ್ ಇದ್ದರೆ ಒಂದನೇ ಗೇರ್. ಎರಡೂ ಆನ್ ಆದರೆ ಎರಡನೇ ಗೇರ್. ಎರಡನೆಯದು ಮಾತ್ರ ಆನ್ ಇದ್ದರೆ ಮೂರು. ಎರಡೂ ಆಫ್ ಆದರೆ ನಾಲ್ಕು. ಮೊದಲನೆಯದು ಸತ್ತರೆ? ಒಂದು, ಎರಡು ಗೇರ್ ಎರಡೂ ಹೋದವು. ಮೂರರಿಂದಲೇ ಹೊರಡಬೇಕು. ಅದಕ್ಕೇ ಆ ಒದ್ದಾಟ.

ಮೊದಲು ಆಯಿಲ್. ಗಾಡಿ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆನ್, ಆಯಿಲ್ ಬಿಸಿ. ಲಿವರ್ ಎಲ್ಲಾ ಕಡೆ ಆಡಿಸಿ ಪಾರ್ಕ್‌ಗೆ ತಂದು ಡಿಪ್‌ಸ್ಟಿಕ್ ನೋಡಬೇಕು. ಕೆಂಪಗಿದೆ, ಸುಟ್ಟ ವಾಸನೆ ಇಲ್ಲ. ಸರಿ, ಮುಂದೆ.

ಇನ್ನು ನನಗೆ ತುಂಬಾ ಇಷ್ಟವಾದ ಟೆಸ್ಟ್. ಸೊಲೆನಾಯ್ಡ್ ಕನೆಕ್ಟರ್ ಕಿತ್ತು ಖಾಲಿ ರಸ್ತೆಯಲ್ಲಿ ಓಡಿಸುವುದು. ಈಗ ಕಂಪ್ಯೂಟರ್ ಮಾತಿಗೆ ಬೆಲೆಯೇ ಇಲ್ಲ, ಲಿವರ್ ಹೇಳಿದ್ದೇ ಗೇರ್. ಈ ಬಾಕ್ಸ್‌ನಲ್ಲಿ 'ಎಲ್' ಹಾಕಿದರೆ ಒಂದು, '2' ಹಾಕಿದರೆ ಮೂರು, 'ಡಿ' ಹಾಕಿದರೆ ನಾಲ್ಕು ಬರಬೇಕು. ನೋಡಿ, 'ಎಲ್'ನಲ್ಲಿ ಎಷ್ಟು ಚೆನ್ನಾಗಿ ಎಳೆಯುತ್ತಿದೆ! ಉಳಿದವೂ ಜಾರದೆ ಸಿಕ್ಕವು. ಅಂದರೆ ಕ್ಲಚ್‌ಗಳು ಗಟ್ಟಿಯಾಗಿವೆ. ಇಳಿಸುವ ಮಾತು ಅಲ್ಲಿಗೆ ಮುಗಿಯಿತು. ನಿಮ್ಮ ಕಾರಿನಲ್ಲಿ ಯಾವ ಲಿವರ್‌ಗೆ ಯಾವ ಗೇರ್ ಅಂತ ಸರ್ವಿಸ್ ಮ್ಯಾನ್ಯುಯಲ್ ನೋಡಿಕೊಳ್ಳಿ, ಎಲ್ಲದಕ್ಕೂ ಇದೇ ಲೆಕ್ಕ ಅಲ್ಲ.

ಈಗ ಮಲ್ಟಿಮೀಟರ್. ಈ ಸೊಲೆನಾಯ್ಡ್‌ಗೆ ಬರುವುದು ಒಂದೇ ವೈರ್, ಅರ್ಥ್ ಬಾಡಿಯಿಂದ. ಮ್ಯಾನ್ಯುಯಲ್ ಪ್ರಕಾರ 20 ಡಿಗ್ರಿಯಲ್ಲಿ 11ರಿಂದ 15 ಓಮ್ ಇರಬೇಕು. ತಣ್ಣಗಿರುವಾಗ 13 ತೋರಿಸುತ್ತಿದೆ. ಪಾಸ್! ಇಲ್ಲೇ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಆದರೆ ತೊಂದರೆ ಬರುವುದು ಬಿಸಿಯಾದಾಗ ತಾನೇ? ಓಡಿಸಿಕೊಂಡು ಬಂದು ಅಳೆದರೆ ಮೀಟರ್‌ನಲ್ಲಿ ಓಪನ್, ಅಂದರೆ ಕರೆಂಟ್ ಹೋಗುವ ದಾರಿಯೇ ಕಟ್. ಒಂದು ವಿಷಯ ನೆನಪಿಡಿ, ತಾಮ್ರ ಬಿಸಿಯಾದರೆ ಓಮ್ ಏರುತ್ತದೆ. 80 ಡಿಗ್ರಿಯಲ್ಲಿ 16 ಬಂದರೆ ಗಾಬರಿ ಬೇಡ, ಅದು ನಾರ್ಮಲ್.

ಇನ್ನೊಂದು ಅನುಮಾನ ಉಳಿದಿತ್ತು, ಒಳಗಿನ ವೈರ್ ಇರಬಹುದು. ಗೇರ್‌ಬಾಕ್ಸ್ ಅಡಿಯ ಆಯಿಲ್ ಪ್ಯಾನ್ ಬಿಚ್ಚಿದೆವು. ಲೋಹದ ಪುಡಿ ಹಿಡಿಯಲು ಅದರಲ್ಲಿರುವ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಮಾತ್ರ, ಲೋಹದ ಚೂರಿಲ್ಲ. ಒಳ್ಳೇ ಸುದ್ದಿ. ಸೊಲೆನಾಯ್ಡ್ ಕಿತ್ತು ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿದೆವು. ಮೀಟರ್ ನೋಡಿ... ಹೋಯಿತು. ಕಾಯಿಲ್ ಒಳಗೇ ಕಟ್ ಆಗಿದೆ.

ಜೆ.ಸಿ. ರೋಡ್‌ನಲ್ಲಿ ಹೊಸದು ತಂದೆ. ಹಾಕುವ ಮುಂಚೆ 12 ವೋಲ್ಟ್ ಮುಟ್ಟಿಸಿ 'ಟಕ್' ಅನ್ನುತ್ತದಾ ಅಂತ ಕೇಳಿದೆವು. ಇದು ಆನ್-ಆಫ್ ಸೊಲೆನಾಯ್ಡ್‌ಗೆ ಮಾತ್ರ ಸರಿ. ಪ್ರೆಷರ್ ಕಂಟ್ರೋಲ್ ಮಾಡುವುದರ ಕಾಯಿಲ್ 5 ಓಮ್ ಆಸುಪಾಸು ಇರುತ್ತದೆ, ಅದಕ್ಕೆ ನೇರ ಬ್ಯಾಟರಿ ಕೊಟ್ಟರೆ ಸುಟ್ಟೇ ಹೋಗುತ್ತದೆ. ನಡುವೆ ಒಂದು ಬಲ್ಬ್ ಇರಲೇಬೇಕು. ಬೋಲ್ಟ್ ಬಿಗಿ ಮಾಡುವಾಗ ಶಕ್ತಿ ತೋರಿಸಬೇಡಿ, ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ.

ಕೋಡ್ ಅಳಿಸಿ ಅದೇ ಸಿಲ್ಕ್ ಬೋರ್ಡ್‌ಗೇ ಹೋದೆ. ಆಯಿಲ್ ಚೆನ್ನಾಗಿ ಬಿಸಿಯಾದ ಮೇಲೂ ಒಂದು, ಎರಡು, ಮೂರು ಸರಿಯಾಗಿ ಬೀಳುತ್ತಿವೆ, ಲೈಟ್ ಇಲ್ಲ. ಪ್ಯಾನ್ ಬಿಚ್ಚಿದಾಗ ಬಂದದ್ದು ಸ್ವಲ್ಪ ಆಯಿಲ್ ಮಾತ್ರ, ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಟಾರ್ಕ್ ಕನ್ವರ್ಟರ್‌ನಲ್ಲಿ ಹಳೇದು ಇನ್ನೂ ಇದೆ. ಹಾಗಾಗಿ ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಡ್ರೈನ್ ಮಾಡುತ್ತೇನೆ.