ಮೂರನೆಯ ತಂತಿ

ಕೇಳುಗರಿಗೆ ನಮಸ್ಕಾರ.

ಮೋಟರ್‌ಹೋಮ್ ಎಂದರೆ ಚಕ್ರದ ಮೇಲಿನ ಮನೆ. ಹಾಸಿಗೆ, ಒಲೆ, ಫ್ರಿಜ್, ಗೀಸರ್, ದೀಪ ಎಲ್ಲವೂ ಅದರೊಳಗೆ ಇರುತ್ತವೆ. ಪ್ರವಾಸ ಮುಗಿಸಿ ಬಂದವರು ಅದನ್ನು ಅಂಗಳದಲ್ಲಿ ನಿಲ್ಲಿಸುತ್ತಾರೆ. ಬ್ಯಾಟರಿ ಚಾರ್ಜ್ ಆಗಲಿ, ಫ್ರಿಜ್ ತಣ್ಣಗಿರಲಿ ಎಂದು ಮನೆಯ ಸಾಕೆಟ್ಟಿನಿಂದ ಒಂದು ಕೇಬಲ್ ಎಳೆದು ಗಾಡಿಗೆ ಸಿಕ್ಕಿಸುತ್ತಾರೆ. ಈ ಹೊತ್ತು ನನ್ನ ಮಾತು ಆ ಕೇಬಲ್ಲಿನ ಬಗ್ಗೆ. ಅದರೊಳಗೆ ಮೂರು ತಂತಿಗಳಿವೆ. ಕರೆಂಟು ತರುವ ಫೇಸ್, ಅದನ್ನು ಹಿಂದಕ್ಕೆ ಒಯ್ಯುವ ನ್ಯೂಟ್ರಲ್ ಎರಡೂ ಕೆಲಸ ಮಾಡುತ್ತಿವೆಯೇ ಎಂದು ನೀವು ಪರೀಕ್ಷಿಸಬೇಕಾಗಿಲ್ಲ, ದೀಪ ಉರಿದರೆ ಗೊತ್ತಾಗುತ್ತದೆ. ಮೂರನೆಯದು ಹಸಿರು ಅಥವಾ ಹಸಿರು-ಹಳದಿ ಬಣ್ಣದ ಅರ್ತ್ ತಂತಿ. ಅದು ಕಿತ್ತುಹೋದರೂ ದೀಪ ಉರಿಯುತ್ತದೆ, ಫ್ರಿಜ್ ಓಡುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾನು ಇಂದು ಹೇಳುವುದರಲ್ಲಿ ಉಳಿದದ್ದೆಲ್ಲ ಮರೆತರೂ ಸರಿ, ಆ ಮೂರನೆಯ ತಂತಿಯನ್ನು ಮರೆಯಬೇಡಿ.

ನಿಮ್ಮ ಮನೆ ನೆಲದ ಮೇಲೆ ನಿಂತಿದೆ. ಗಾಡಿ ನಿಂತಿರುವುದು ರಬ್ಬರ್ ಟೈರುಗಳ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಗಾಡಿಯೇ ಹೆಚ್ಚು ಕ್ಷೇಮ ಎಂದು ಎಷ್ಟೋ ಮಂದಿ ನನ್ನ ಬಳಿ ವಾದಿಸಿದ್ದಾರೆ. ದಯವಿಟ್ಟು ಆ ವಾದವನ್ನು ಬಿಟ್ಟುಬಿಡಿ. ಗಾಡಿ ಓಡುವಾಗ ಕುಲುಕುತ್ತದೆ. ಒಳಗಿನ ತಂತಿಗಳು ಲೋಹದ ಅಂಚಿಗೆ ಉಜ್ಜಿ ಸವೆಯುತ್ತವೆ. ಫೇಸ್ ತಂತಿಯ ಹೊದಿಕೆ ಹರಿದು ಲೋಹಕ್ಕೆ ತಗುಲಿತು ಎಂದುಕೊಳ್ಳಿ. ಆಗ ಚಾಸಿ ಎಂಬ ತಳದ ಚೌಕಟ್ಟು, ಬಾಗಿಲು, ಹಿಡಿ, ಮೆಟ್ಟಿಲು, ಗಾಡಿಯ ಇಡೀ ಲೋಹದ ಮೈಗೆ ಕರೆಂಟು ಏರುತ್ತದೆ. ನೆಲಕ್ಕೆ ಇಳಿಯೋಣವೆಂದರೆ ಟೈರು ಬಿಡುವುದಿಲ್ಲ. ಒಳಗೆ ಕುಳಿತವರಿಗೆ ಏನೂ ಆಗುವುದಿಲ್ಲ, ವಿದ್ಯುತ್ ತಂತಿಯ ಮೇಲೆ ಕುಳಿತ ಹಕ್ಕಿಗೆ ಏನೂ ಆಗದ ಹಾಗೆ. ಒಂದು ಕಾಲು ನೆಲದ ಮೇಲಿಟ್ಟು ಬಾಗಿಲಿನ ಹಿಡಿಗೆ ಕೈ ಹಾಕಿದವರ ದೇಹವೇ ಅದಕ್ಕೆ ದಾರಿಯಾಗುತ್ತದೆ.

ಅರ್ತ್ ತಂತಿ ಸರಿಯಾಗಿದ್ದರೆ ಆ ಕರೆಂಟು ನಿಮಗಾಗಿ ಕಾಯುವುದಿಲ್ಲ. ಸೋರಿದ ಗಳಿಗೆಯಲ್ಲೇ ತಂತಿಯ ಮೂಲಕ ಹರಿದುಹೋಗುತ್ತದೆ, ಮನೆಯ ಬ್ರೇಕರ್ ಬೀಳುತ್ತದೆ. ನೀವು ಹಿಡಿಗೆ ಕೈ ಹಾಕುವ ಹೊತ್ತಿಗೆ ಅಪಾಯ ಮುಗಿದಿರುತ್ತದೆ.

ಇಲ್ಲಿ ಒಂದು ಘಟನೆ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಪರಿಚಯದ ದಂಪತಿ ನನ್ನನ್ನು ಕರೆಸಿದರು, ಗಾಡಿಯ ಫ್ರಿಜ್ ಸರಿಯಾಗಿ ತಣಿಯುತ್ತಿಲ್ಲ ಎಂದು. ಹೋದೆ. ಗಾಡಿ ಅಂಗಳದ ಹುಲ್ಲಿನ ಮೇಲಿತ್ತು, ರಾತ್ರಿ ಮಳೆ ಬಿದ್ದು ಹುಲ್ಲು ಒದ್ದೆಯಾಗಿತ್ತು. ನಾಲ್ಕು ವರ್ಷದ ಮೊಮ್ಮಗಳು ಗಾಡಿಯಿಂದ ಮಾರು ದೂರದಲ್ಲಿ ಬರಿಗಾಲಿನಲ್ಲಿ ನಿಂತಿದ್ದಳು. ಅಜ್ಜಿ ಒಳಗಿನಿಂದ ಎಷ್ಟು ಕರೆದರೂ ಹತ್ತಿರ ಬರಲೊಲ್ಲಳು. "ಎರಡು ದಿನದಿಂದ ಇದೇ ಹಠ, ಬಾಗಿಲು ಕಚ್ಚುತ್ತದೆಯಂತೆ," ಎಂದು ಅಜ್ಜ ನಕ್ಕರು. ನಕ್ಕು, ತಾವೇ ಹೋಗಿ ಹಿಡಿಯನ್ನು ಹಿಡಿದು ತೋರಿಸಿದರು. "ನೋಡು, ನನಗೆ ಕಚ್ಚುತ್ತದೆಯೇ?"

ನಾನು ಅವರ ಕಾಲು ನೋಡಿದೆ. ದಪ್ಪ ರಬ್ಬರ್ ಅಟ್ಟೆಯ ಬೂಟು.

ಕೇಳುಗರೇ, ಆ ಗಳಿಗೆಯಲ್ಲಿ ನನ್ನ ಬೆನ್ನಿನಲ್ಲಿ ಹುಟ್ಟಿದ ನಡುಕ ಇವತ್ತಿಗೂ ನೆನಪಿದೆ. ಮಗುವನ್ನು ಎತ್ತಿ ಮನೆಯ ಜಗಲಿಯ ಮೇಲೆ ಬಿಟ್ಟೆ. ಚೀಲದಿಂದ ಮೀಟರ್ ತೆಗೆದು ಅದರ ಒಂದು ಕಡ್ಡಿಯನ್ನು ಒದ್ದೆ ಮಣ್ಣಿಗೆ ಚುಚ್ಚಿ, ಇನ್ನೊಂದನ್ನು ಬಾಗಿಲಿನ ಹಿಡಿಗೆ ಮುಟ್ಟಿಸಿದೆ. 110 ವೋಲ್ಟ್. ಮನೆಗೆ ಬರುತ್ತಿದ್ದದ್ದು 230. ಹೆಚ್ಚುಕಡಿಮೆ ಅರ್ಧ. ಈ ಅರ್ಧದ ಲೆಕ್ಕ ನಮ್ಮಂಥವರಿಗೆ ಚಿರಪರಿಚಿತ. ಬ್ಯಾಟರಿ ಚಾರ್ಜರಿನಂಥ ಉಪಕರಣಗಳಲ್ಲಿ ಫಿಲ್ಟರ್ ಎಂಬ ಭಾಗವಿರುತ್ತದೆ. ಅದು ಎರಡೂ ತಂತಿಗಳಿಂದ ಚೂರುಚೂರು ಕರೆಂಟನ್ನು ಅರ್ತಿಗೆ ಬಿಡುತ್ತಿರುತ್ತದೆ. ಅರ್ತ್ ತಂತಿ ಎಲ್ಲೋ ಕಡಿದಿದ್ದರೆ ಆ ಚೂರು ಹೋಗಲು ಜಾಗವಿಲ್ಲದೆ ಗಾಡಿಯ ಮೈಯಲ್ಲೇ ನಿಲ್ಲುತ್ತದೆ, ಅರ್ಧ ವೋಲ್ಟೇಜಿನಲ್ಲಿ. ಅದು ಕೊಲ್ಲುವಷ್ಟು ಕರೆಂಟಲ್ಲ, ಮುಟ್ಟಿದರೆ ಜುಮ್ಮೆನ್ನುತ್ತದೆ. ಒದ್ದೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತ ಮಗುವಿಗೆ ಅದು ಕಚ್ಚಿದಂತೆಯೇ ಅನಿಸುತ್ತದೆ. ಅವಳು ಹೇಳಿದ್ದು ಅಕ್ಷರಶಃ ನಿಜ.

ಮನೆಯ ಕಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕೇಬಲ್ಲಿನ ಉದ್ದಕ್ಕೂ ಹುಡುಕಿದೆ. ಮನೆಯ ಕಡೆಯ ಪ್ಲಗ್ ಬಿಚ್ಚಿದಾಗ ಸಿಕ್ಕಿತು. ಹಸಿರು-ಹಳದಿ ತಂತಿ ಸ್ಕ್ರೂವಿನಿಂದ ಜಾರಿ ಹೊರಗೆ ಬಂದು, ತುದಿಯ ತಾಮ್ರ ಕಪ್ಪಗಾಗಿ, ಪ್ಲಗ್ಗಿನೊಳಗೇ ಸುರುಳಿ ಸುತ್ತಿಕೊಂಡು ಕುಳಿತಿತ್ತು. ಯಾರೋ ಕೇಬಲ್ ಹಿಡಿದು ಎಳೆದು ಪ್ಲಗ್ ಕಿತ್ತಿದ್ದರು, ಅಷ್ಟೇ. ಮತ್ತೆ ಬಿಗಿಮಾಡಲು ಎರಡು ನಿಮಿಷ ಸಾಕಾಯಿತು. ಮೀಟರ್ ಸೊನ್ನೆ ತೋರಿಸಿತು. ಅಜ್ಜ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಫ್ರಿಜ್ಜಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ನಾನೂ ನೋಡಲಿಲ್ಲ.

ಅದೇ ವಾರ ಗೀಸರಿನ ಎಲಿಮೆಂಟ್ ಒಡೆದು ಅದರ ಲೋಹದ ಕೊಳವೆಗೆ ಫೇಸ್ ತಗುಲಿದ್ದರೆ ಜುಮ್ಮೆನ್ನುವ ಕರೆಂಟಿನ ಜಾಗದಲ್ಲಿ ಪೂರ್ತಿ 230 ವೋಲ್ಟ್ ಬಂದು ನಿಲ್ಲುತ್ತಿತ್ತು. ಆ ವೋಲ್ಟೇಜಿನಲ್ಲಿ ಒದ್ದೆ ಮೈಯ ಮೂಲಕ 200 ಮಿಲಿಆಂಪಿಯರಿಗಿಂತ, ಅಂದರೆ ಒಂದು ಆಂಪಿಯರಿನ ಐದನೆಯ ಒಂದು ಭಾಗಕ್ಕಿಂತ, ಹೆಚ್ಚು ಹರಿಯಬಹುದು. 10 ಮಿಲಿಆಂಪಿಯರ್ ದಾಟಿದರೆ ಹಿಡಿದ ಕೈ ಬಿಡಲು ಬರುವುದಿಲ್ಲ. 50ರ ಆಸುಪಾಸಿನ ಕರೆಂಟು ಎದೆಯ ಮೂಲಕ ಕೆಲವು ಸೆಕೆಂಡು ಹರಿದರೆ ಹೃದಯ ತಾಳ ತಪ್ಪಬಹುದು. ಆದ್ದರಿಂದ ಜುಮ್ಮೆಂದರೆ ಅಲಕ್ಷ್ಯ ಮಾಡಬೇಡಿ. ಇನ್ನೊಮ್ಮೆ ಮುಟ್ಟಿ ನೋಡಲೂಬೇಡಿ. ಗಾಡಿಯನ್ನು ಮುಟ್ಟದೆ ಮನೆಯ ಕಡೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಇನ್ನು ಇ.ಎಲ್.ಸಿ.ಬಿ., ಅಂದರೆ ಸೋರುವ ಕರೆಂಟನ್ನು ಕಂಡು ಕಡಿಯುವ ಬ್ರೇಕರಿನ ವಿಷಯ. "ನಮ್ಮಲ್ಲಿ ಎಂ.ಸಿ.ಬಿ. ಇದೆಯಲ್ಲ" ಎನ್ನುತ್ತೀರಿ. ಎಂ.ಸಿ.ಬಿ. ಎಂದರೆ ಕರೆಂಟು ಮಿತಿಮೀರಿದರೆ ಬೀಳುವ ಬ್ರೇಕರ್, ಅದು ಇರುವುದು ತಂತಿ ಸುಡದಿರಲಿ ಎಂದು. 16 ಆಂಪಿಯರಿನ ಎಂ.ಸಿ.ಬಿ.ಗೆ ನಿಮ್ಮ ಮೈಯಲ್ಲಿ ಹರಿಯುವ ಕಾಲು ಆಂಪಿಯರ್ ಎಂದರೆ ಆನೆಯ ಬೆನ್ನ ಮೇಲೆ ಸೊಳ್ಳೆ ಕುಳಿತಂತೆ. ಇ.ಎಲ್.ಸಿ.ಬಿ. ಬೇರೆ. ಫೇಸಿನಲ್ಲಿ ಹೋದಷ್ಟೂ ನ್ಯೂಟ್ರಲ್ಲಿನಲ್ಲಿ ಹಿಂದಿರುಗಿತೇ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಗಾಡಿಗೆ ಕರೆಂಟು ಕೊಡುವ ಸಾಕೆಟ್ಟಿಗೆ ಅದು ಇರಲೇಬೇಕು, ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಲೇಬೇಕು. ಆದರೆ ಒಂದು ಮಾತು. ಅರ್ತ್ ತಂತಿ ಇಲ್ಲದಿದ್ದರೆ ಇ.ಎಲ್.ಸಿ.ಬಿ. ಬೀಳುವುದು ಕರೆಂಟು ಯಾರದೋ ಮೈಯಲ್ಲಿ ಹರಿದ ಮೇಲೆಯೇ. ಮತ್ತೆ ಅಲ್ಲಿಗೇ ಬಂದೆವು, ಮೂರನೆಯ ತಂತಿಗೆ.

ಕೆಲವರು ಗಾಡಿಯ ಪಕ್ಕ ಒಂದು ಕಬ್ಬಿಣದ ಸಲಾಕೆ ಹೊಡೆದು, ಅದಕ್ಕೊಂದು ತಂತಿ ಕಟ್ಟಿ, ಅರ್ತಿಂಗ್ ಆಯಿತು ಎಂದು ಸಮಾಧಾನಪಡುತ್ತಾರೆ. ಸಾಲದು, ಖಂಡಿತ ಸಾಲದು. ಒಣ ಮಣ್ಣಿನಲ್ಲಿ ಆ ಸಲಾಕೆ 100 ಓಮ್ ತಡೆ ಒಡ್ಡಿದರೂ ಅದರಲ್ಲಿ ಹರಿಯುವುದು ಎರಡೂಕಾಲು ಆಂಪಿಯರಿನಷ್ಟು. ಎಂ.ಸಿ.ಬಿ. ಕದಲುವುದೇ ಇಲ್ಲ. ಇ.ಎಲ್.ಸಿ.ಬಿ. ಇಲ್ಲದಿದ್ದರೆ ಗಾಡಿಯ ಮೈಗೆ ಏರಿದ ಕರೆಂಟು ಹಾಗೆಯೇ ಉಳಿಯುತ್ತದೆ.

ಪರೀಕ್ಷಿಸುವುದು ಕಷ್ಟವಲ್ಲ. ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಒಂದು ತುದಿಯ ಅರ್ತ್ ಕಡ್ಡಿಯಿಂದ ಇನ್ನೊಂದು ತುದಿಯ ಅರ್ತ್ ಕಡ್ಡಿಗೆ ಅಳೆಯಿರಿ. ಸೊನ್ನೆಗೆ ಹತ್ತಿರ ಬರಬೇಕು. ಗಾಡಿಯ ಸಾಕೆಟ್ಟಿನ ಅರ್ತ್ ಕಡ್ಡಿಯಿಂದ ಚಾಸಿಯ ಬಣ್ಣ ಕೆರೆದ ಲೋಹಕ್ಕೂ ಹಾಗೆಯೇ. ಮನೆಯ ಸಾಕೆಟ್ಟಿನ ಅರ್ತನ್ನು ಮಾತ್ರ ಬಲ್ಲವರಿಂದಲೇ ಪರೀಕ್ಷಿಸಿ. ಈ ಮೂರರಲ್ಲಿ ಒಂದು ಕಡಿದರೂ ಪೂರ್ತಿ ಕಡಿದಂತೆ. ಮೂರು ಕಡ್ಡಿಯ ಪ್ಲಗ್ಗನ್ನು ಎರಡು ತೂತಿನ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್ ಮನೆಯಲ್ಲಿದ್ದರೆ ಇವತ್ತೇ ಎಸೆಯಿರಿ.

ಸಮಯ ಮುಗಿಯುತ್ತ ಬಂತು, ಹೇಳಬೇಕಾದ್ದು ಇನ್ನೂ ಇತ್ತು. ಕೇಬಲ್ ರಾಟೆಗೆ ಸುತ್ತಿದ್ದರೆ ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿಟ್ಟ ಕೇಬಲ್ಲಿನ ಬಿಸಿ ಹೊರಗೆ ಹೋಗಲಾರದೆ ಹೊದಿಕೆ ಕರಗುತ್ತದೆ. ಗೀಸರ್, ಹೀಟರ್ ಎರಡನ್ನೂ ಒಟ್ಟಿಗೆ ಹಾಕಬೇಡಿ, ಮನೆಯ ಸಾಕೆಟ್ಟು ಅಷ್ಟನ್ನು ಗಂಟೆಗಟ್ಟಲೆ ತಾಳುವುದಿಲ್ಲ. ಜೋಡಿಸುವಾಗ ಮೊದಲು ಗಾಡಿಯ ಕಡೆ ಸಿಕ್ಕಿಸಿ, ಆಮೇಲೆ ಮನೆಯ ಕಡೆ. ಬಿಚ್ಚುವಾಗ ಮೊದಲು ಮನೆಯ ಕಡೆ. ಆಗ ಕರೆಂಟಿರುವ ತುದಿ ಎಂದೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಕೀಳುವಾಗ ಪ್ಲಗ್ಗನ್ನು ಹಿಡಿದು ಕೀಳಿ, ಕೇಬಲ್ಲನ್ನು ಎಳೆಯಬೇಡಿ.

ನಮಸ್ಕಾರ.